ಮೂರು ನಿಮಿಷ ಆಯ್ತು

ಅತ್ತೆಗೆ ಟೋಪಿ ಹಾಕಿದವನ ಮೇಲೆ ಬಂದ ಸಿಟ್ಟಿಗಿಂತ, ಆಮೇಲೆ ಅತ್ತೆಗೆ ಬುದ್ಧಿ ಹೇಳಲು ಬಂದವರ ಮೇಲೆ ನನಗೆ ಬಂದ ಸಿಟ್ಟೇ ಹೆಚ್ಚು. ಅವರಲ್ಲಿ ಮೊದಲನೆಯವರು ನಮ್ಮ ಯಜಮಾನರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾರೆ. ಮನೆಯಲ್ಲೂ ಅದೇ ಧ್ವನಿ.

ನಾನು ಹಲ್ಲಿನ ಡಾಕ್ಟರು. ನನ್ನದು ಎರಡು ಕೋಣೆಯ ಕ್ಲಿನಿಕ್. ಒಳಗೆ ನಾನು, ರೋಗಿಯ ಕುರ್ಚಿ, ಡ್ರಿಲ್ಲು; ಹೊರಗೆ ಫೋನು, ಕಂಪ್ಯೂಟರು ಮತ್ತು ಅತ್ತೆ. ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸಿ ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂತರೆ ಕೈಕಾಲು ಹಿಡಿದುಕೊಳ್ಳುತ್ತದೆ ಎಂದು ಕ್ಲಿನಿಕ್ಕಿಗೆ ಬಂದರು. ಬಂದ ವಾರಕ್ಕೇ ಆ ಮೇಜು ಅವರದಾಯಿತು. ಫೋನಿನಲ್ಲಿ ಧ್ವನಿ ಕೇಳಿಯೇ ಯಾವ ದವಡೆ ಊದಿದೆ ಎಂದು ಹೇಳುತ್ತಾರೆಂದು ನಾನು ತಮಾಷೆ ಮಾಡುವುದುಂಟು. ಅದು ಪೂರ್ತಿ ತಮಾಷೆಯಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಕ್ಲಿನಿಕ್ಕಿನ ಮೇಲ್‌ಗೆ ಒಂದು ಬಿಲ್ ಬಂತು. ಕಂಪ್ಯೂಟರಿನ ವೈರಸ್ ತಡೆಯುವ ಸಾಫ್ಟ್‌ವೇರನ್ನು ನೀವು ಮೂರು ವರ್ಷಕ್ಕೆ ನವೀಕರಿಸಿದ್ದೀರಿ, ಇಪ್ಪತ್ತನಾಲ್ಕು ಗಂಟೆಯಲ್ಲಿ ಹಣ ತಾನಾಗಿ ಕಡಿತವಾಗುತ್ತದೆ, ಬೇಡವಾದರೆ ಈ ನಂಬರಿಗೆ ಫೋನ್ ಮಾಡಿ. ನಾವು ಅಂಥ ಸಾಫ್ಟ್‌ವೇರನ್ನು ಕೊಂಡೇ ಇರಲಿಲ್ಲ. ಈಗ ಅದನ್ನು ತೆಗೆದು ನೋಡಿದರೆ ಕಣ್ಣಿಗೆ ರಾಚುತ್ತದೆ: ಕ್ಲಿನಿಕ್ಕಿನ ಹೆಸರಿಲ್ಲ, 'ಮಾನ್ಯ ಗ್ರಾಹಕರೇ' ಅಷ್ಟೇ, ಮೇಲ್ ಬಂದಿರುವುದು ಯಾರದೋ ಸ್ವಂತ ವಿಳಾಸದಿಂದ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿರುವುದು ಫೋನ್ ನಂಬರು. ಆದರೆ ಅವತ್ತು ನಾನು ಒಳಗೆ ಒಬ್ಬರ ಬುದ್ಧಿಹಲ್ಲು ಕೀಳುತ್ತಿದ್ದೆ. ನನ್ನ ಕೆಲಸ ಕೆಡಿಸಬಾರದೆಂದು ಅತ್ತೆ ತಾವೇ ಆ ನಂಬರಿಗೆ ಫೋನ್ ಮಾಡಿದರು.

ಆ ಕಡೆ ಫೋನ್ ಎತ್ತಿದವನು ಅವರಿಂದ ಕಂಪ್ಯೂಟರಿನಲ್ಲಿ ಏನೋ ಒಂದು ಇಳಿಸಿಕೊಂಡ. ಅದರಿಂದ ನಮ್ಮ ಪರದೆ ಅವನ ಕೈಗೆ ಹೋಯಿತು. ಬಿಲ್ ರದ್ದಾಗಿದೆಯೋ ನೋಡಿ ಎಂದು ಬ್ಯಾಂಕಿನ ಪುಟ ತೆಗೆಸಿದ. ಅತ್ತೆಯ ಬಳಿಯೇ ಇರುವ ಕ್ಲಿನಿಕ್ಕಿನ ಮೊಬೈಲಿಗೆ ಬಂದ ಆರು ಅಂಕಿ ಕೇಳಿದ. ನಡುವೆ 'ಮೇಲಧಿಕಾರಿ' ಎಂದು ಇನ್ನೊಬ್ಬನೂ ಬಂದು ಮಾತಾಡಿದ. ಒಂದು ಗಂಟೆ ನಲವತ್ತು ನಿಮಿಷ. ಹೊಸ ಎಕ್ಸ್‌ರೇ ಯಂತ್ರಕ್ಕೆಂದು ನಾನು ಎರಡು ವರ್ಷ ಕೂಡಿಸಿದ್ದು ಅಷ್ಟರಲ್ಲಿ ಖಾಲಿ.

ಹಲ್ಲು ಕಡಿಯಬೇಡಿ ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವ ನಾನು ಆ ರಾತ್ರಿಯೆಲ್ಲ ಹಲ್ಲು ಕಡಿದೆ. ಬೆಳಿಗ್ಗೆ ಅತ್ತೆಯನ್ನು ಕೇಳಿದೆ: "ಒಂದು ಸಲವೂ ಅನುಮಾನ ಬರ್ಲಿಲ್ವಾ ಅತ್ತೆ?"

"ಬಂತು. ಇಪ್ಪತ್ತನೇ ನಿಮಿಷಕ್ಕೇ ಬಂತು."

"ಮತ್ತೆ ಇಡಬೇಕಿತ್ತಲ್ಲ ಫೋನು?"

ನಾನೇನೋ ಆಡಬಾರದ ಮಾತು ಆಡಿದೆನೆಂಬಂತೆ ಅವರು ನನ್ನನ್ನು ನೋಡಿದರು. "ಆ ಕಡೆಯವರು ಇನ್ನೂ ಮಾತಾಡ್ತಿರುವಾಗ ನಾನು ಹೇಗೆ ಇಡ್ಲಿ? ಬೇಡ ಅಂದೆ. ಅವನು ಇನ್ನೊಂದು ಥರ ಕೇಳ್ದ. ಅದಕ್ಕೂ ಬೇಡ ಅಂದೆ. ಮತ್ತೆ ಕೇಳ್ದ. ಕೊನೆಗೆ ಸಾಕಾಗಿ ಹೇಳ್ಬಿಟ್ಟೆ ಕಣೇ."

ಅದು ಅವರ ಎಕ್ಸ್‌ಚೇಂಜಿನ ಪಾಠ. ಲೈನು ಆಪರೇಟರಿನ ಕಡೆಯಿಂದ ಕಡಿಯಬಾರದು. ಮೂರು ನಿಮಿಷವಾದಾಗ ನಡುವೆ ಬಂದು "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳಬೇಕು, ಅವರು ಸಾಕೆಂದರೆ ಮಾತ್ರ ತಂತಿ ತೆಗೆಯಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅತ್ತೆ ಕೈತಪ್ಪಿ ಒಂದು ಲೈನು ಕಡಿದಿದ್ದರು. ಆಸ್ಪತ್ರೆಯಿಂದ ಒಬ್ಬ ತಂದೆ ಮಗಳೊಂದಿಗೆ ಮಾತಾಡುತ್ತಿದ್ದ. ಮತ್ತೆ ಜೋಡಿಸುವಷ್ಟರಲ್ಲಿ ಆ ಕಡೆ ಮಾತಾಡಲು ಅವನು ಉಳಿದಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಅತ್ತೆ ಯಾವ ಫೋನನ್ನೂ ತಾವಾಗಿ ಮೊದಲು ಇಟ್ಟವರಲ್ಲ. ಮನೆಯಲ್ಲಿ ಇದನ್ನು ಹೇಳಿ ಎಷ್ಟು ನಕ್ಕಿದ್ದೇವೋ. ಆ ಬೆಳಿಗ್ಗೆ ನನಗೆ ನಗು ಬರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟೆವು. ಬ್ಯಾಂಕಿನವರು ನೋಡೋಣ ಎಂದರು. ನಮ್ಮ ಯಜಮಾನರು ಮಾತ್ರ ತೀರ್ಮಾನವನ್ನೇ ಹೇಳಿದರು: "ಅಮ್ಮ, ಸಾಕು. ವಯಸ್ಸಾಯ್ತು ನಿನಗೆ. ಫೋನಿಗೆ ಒಂದು ಮೆಷಿನ್ ಇಡೋಣ. ಅಪಾಯಿಂಟ್‌ಮೆಂಟಿಗೆ ಒಂದು ಒತ್ತಿ, ರದ್ದು ಮಾಡೋಕೆ ಎರಡು ಒತ್ತಿ ಅಂತ ಅದೇ ಹೇಳುತ್ತೆ. ನೀನು ಮನೇಲಿ ಆರಾಮಾಗಿರು."

ಅತ್ತೆ ಎದುರಾಡಲಿಲ್ಲ. ನನಗೆ ಮೈ ಉರಿದದ್ದು ಅದಕ್ಕೇ. ಮೋಸ ಮಾಡಿದವನು ಎಲ್ಲೋ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದಾನೆ. ಇಲ್ಲಿ ಇವರು ತಲೆ ತಗ್ಗಿಸಿ ತಮ್ಮ ಚಷ್ಮಾ, ಪೆನ್ನು, ಬೆನ್ನಿಗಿಡುವ ದಿಂಬು ಚೀಲಕ್ಕೆ ತುಂಬುತ್ತಿದ್ದಾರೆ. "ಮೆಷಿನ್ ಬರೋವರೆಗಾದ್ರೂ ಇರಿ" ಎಂದು ದಿಂಬನ್ನು ಕಿತ್ತುಕೊಂಡು ಮತ್ತೆ ಕುರ್ಚಿಗೆ ಇಟ್ಟೆ. ಇದ್ದರು. ಆದರೆ ಫೋನ್ ಬಂದರೆ ಮೂರು ಸಲ ಬಡಿದುಕೊಂಡ ಮೇಲೆ ಎತ್ತುತ್ತಿದ್ದರು. ಮೊದಲೆಲ್ಲ ಎರಡನೆಯ ಬಡಿತಕ್ಕೇ ಎತ್ತುತ್ತಿದ್ದವರು.

ಸೋಮವಾರ ಹನ್ನೊಂದು ಗಂಟೆಗೆ ನಮ್ಮ ಯಜಮಾನರು ಮೆಷಿನ್ನಿನ ಪೆಟ್ಟಿಗೆ ಹೊತ್ತು ಬಂದರು. ಒಳಗೆ ಬಸ್ ಡ್ರೈವರೊಬ್ಬರ ಬಾಯಿಗೆ ನಾನು ಆಗಷ್ಟೇ ಹಲ್ಲಿನ ಅಚ್ಚು ತೆಗೆಯುವ ಹಿಟ್ಟು ತುಂಬಿದ್ದೆ. ಅದು ಗಟ್ಟಿಯಾಗುವವರೆಗೆ ಅವರು ಮಾತಾಡುವಂತಿಲ್ಲ, ನಗುವಂತಿಲ್ಲ. ಫೋನ್ ಬಡಿದುಕೊಂಡಿತು. ನಾನು ಕೈಗವಸಿನಲ್ಲೇ ಬಾಗಿಲಿಗೆ ಬಂದೆ.

ಅತ್ತೆ ಎತ್ತಿದರು. ಅರೆಕ್ಷಣ ಕೇಳಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿನ ಗುಂಡಿ ಒತ್ತಿದರು.

"ಮೇಡಂ, ಬ್ಯಾಂಕಿನ ಮರುಪಾವತಿ ವಿಭಾಗದಿಂದ. ನೀವು ಕಳ್ಕೊಂಡ ದುಡ್ಡು ಪೂರ್ತಿ ವಾಪಸ್ ಬಂದಿದೆ. ಚಿಕ್ಕದೊಂದು ಶುಲ್ಕ ಕಟ್ಟಿದ್ರೆ ಸಾಕು."

ಯಜಮಾನರು ಫೋನಿಗೆ ಕೈ ಚಾಚಿದರು. ಅತ್ತೆ ನೋಡದೆಯೇ ಆ ಕೈಯನ್ನು ಪಕ್ಕಕ್ಕೆ ಸರಿಸಿದರು. ತುಟಿಗೆ ಬೆರಳಿಟ್ಟು, ಇನ್ನೊಂದು ಕೈಯಿಂದ ಚೀಟಿಯಲ್ಲಿ ಬರೆದರು: ಅದೇ ಫ್ಯಾನ್.

ಆಗ ನನಗೂ ಕೇಳಿಸಿತು. ಆ ಕಡೆ ಹಿಂದೆಲ್ಲೋ ಒಂದು ಫ್ಯಾನ್, ನಾಲ್ಕು ಸುತ್ತಿಗೊಮ್ಮೆ ಕಿರ್ ಎನ್ನುತ್ತಿತ್ತು. ಅತ್ತೆ ಮತ್ತೆ ಬರೆದರು: ಅವತ್ತಿನ ಮೇಲಧಿಕಾರಿ.

"ಒಳ್ಳೇದಾಯ್ತಪ್ಪ," ಎಂದರು ಅತ್ತೆ, ಏನೂ ತಿಳಿಯದ ಮುದುಕಿಯ ಧ್ವನಿಯಲ್ಲಿ. "ಎಲ್ಲಿಗೆ ಕಟ್ಬೇಕು ಹೇಳು. ನಿಧಾನಕ್ಕೆ ಹೇಳು, ಬರ್ಕೊಳ್ತೀನಿ."

ಅವನು ಖಾತೆಯ ನಂಬರು ಹೇಳಿದ. ಅತ್ತೆ ಒಂದೊಂದೇ ಅಂಕಿ ತಿರುಗಿ ಹೇಳಿ ಖಚಿತ ಮಾಡಿಕೊಂಡರು. ಲೈನು ಕಡಿದರೆ ಇರಲಿ ಎಂದು ಇನ್ನೊಂದು ಫೋನ್ ನಂಬರನ್ನೂ ಕೇಳಿ ಪಡೆದರು. ಆಮೇಲೆ "ಲೈನಲ್ಲೇ ಇರಿ" ಎಂದು ಗುಂಡಿಯೊತ್ತಿ ಅವನನ್ನು ಕಾಯಲು ಬಿಟ್ಟರು. ಮೊಬೈಲಿನಿಂದ, ನಮ್ಮ ದೂರು ಬರೆದುಕೊಂಡಿದ್ದ ಪೊಲೀಸಿಗೆ ಫೋನ್ ಮಾಡಿ ಎರಡೂ ನಂಬರು ಓದಿದರು. ಧ್ವನಿ ಒಂದಿಷ್ಟೂ ನಡುಗಲಿಲ್ಲ.

ಮತ್ತೆ ಗುಂಡಿ ಒತ್ತಿದಾಗ ಅವನ ವಿನಯ ಬತ್ತಿಹೋಗಿತ್ತು. "ಎಷ್ಟೊತ್ತು ಕಾಯಿಸ್ತೀರಿ ಮೇಡಂ? ಈಗ್ಲೇ ಕಟ್ಟದಿದ್ರೆ ನಿಮ್ಮ ಖಾತೆ ಮುಚ್ಚಿಹೋಗುತ್ತೆ."

"ಮುಚ್ಚಲಿ ಬಿಡು. ಖಾಲಿ ಡಬ್ಬಕ್ಕೆ ಮುಚ್ಚಳ ಇದ್ರೇನು, ಇಲ್ದಿದ್ರೇನು. ಅವತ್ತು ಸಾಫ್ಟ್‌ವೇರ್ ಕಂಪನಿಲಿದ್ದೆ, ಇವತ್ತು ಬ್ಯಾಂಕಿಗೆ ಸೇರಿದ್ಯಾ? ಆ ಫ್ಯಾನಿಗೆ ಸ್ವಲ್ಪ ಎಣ್ಣೆ ಬಿಡ್ಸಪ್ಪ. ಹೋದಲ್ಲೆಲ್ಲ ನಿನ್ನ ಗುರುತು ಹೇಳ್ತಿದೆ."

ಅವನು ಬಾಯಿ ಹರಿಬಿಟ್ಟ. ಮುದುಕಿ ಎಂದ, ಅದಕ್ಕಿಂತ ಕೀಳು ಮಾತನ್ನೂ ಆಡಿದ. ಯಜಮಾನರ ಮುಖ ಕೆಂಪಾಯಿತು. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು, ಗೋಡೆ ಗಡಿಯಾರ ನೋಡಿದರು. ಆಮೇಲೆ ನಾನೆಂದೂ ಕೇಳದಿದ್ದ ಒಂದು ಧ್ವನಿಯಲ್ಲಿ, ಮೂವತ್ತೊಂದು ವರ್ಷದ ಆ ಕೆಲಸದ ಧ್ವನಿಯಲ್ಲಿ, ಅವನ ಬೈಗುಳದ ನಡುವೆ ಬಂದರು.

"ಮೂರು ನಿಮಿಷ ಆಯ್ತು."

ಮುಂದುವರಿಸ್ತೀರಾ ಎಂದು ಕೇಳಲಿಲ್ಲ. ಫೋನ್ ಇಟ್ಟರು.

ಇಟ್ಟ ಕೈ ಅಲ್ಲೇ ಫೋನಿನ ಮೇಲಿತ್ತು. ನಾನು ಕೈಗವಸು ಕಿತ್ತೆಸೆದು ಆ ಕೈ ಹಿಡಿದೆ. ಒಳಗಿನಿಂದ ಡ್ರೈವರು ಕುರ್ಚಿಯ ಹಿಡಿಯನ್ನು ಬಡಬಡ ಬಡಿದರು. ಅಚ್ಚು ತೆಗೆಯಿರಿ ಎಂದಿರಬೇಕೆಂದುಕೊಂಡೆ. ತೆಗೆದ ಮೇಲೆ ತಿಳಿಯಿತು, ಅದು ಚಪ್ಪಾಳೆ.

"ಅಮ್ಮ, ನಾನು..." ಎಂದರು ಯಜಮಾನರು.

"ಆ ದುಡ್ಡು ಬರುತ್ತೋ ಇಲ್ವೋ ನನಗೆ ಗೊತ್ತಿಲ್ಲ ಕಣೋ," ಎಂದರು ಅತ್ತೆ. "ಕಳೆದದ್ದು ನಾನೇ, ಒಪ್ಕೊಳ್ತೀನಿ. ಆದ್ರೆ ಆ ಪೆಟ್ಟಿಗೆ ತಗೊಂಡು ಹೋಗು. ಈ ಮೇಜಿನ ಮೇಲೆ ಜಾಗ ಇಲ್ಲ."

ಮೇಜಿನ ಮೇಲೆ ಬೇಕಾದಷ್ಟು ಜಾಗವಿತ್ತು. ಯಜಮಾನರು ನನ್ನನ್ನು ನೋಡಿದರು. "ಹೌದು ರೀ, ಎಲ್ಲಿದೆ ಜಾಗ?" ಎಂದೆ.

ಅವರು ಪೆಟ್ಟಿಗೆ ಎತ್ತಿಕೊಂಡು ಇನ್ನೂ ಹೊಸಿಲು ದಾಟಿರಲಿಲ್ಲ. ಫೋನ್ ಮತ್ತೆ ಬಡಿದುಕೊಂಡಿತು. ಅತ್ತೆ ನನ್ನ ಕೈ ಬಿಡಿಸಿಕೊಂಡು ಎರಡನೆಯ ಬಡಿತಕ್ಕೆ ಎತ್ತಿದರು.

"ಹಲ್ಲಿನ ಕ್ಲಿನಿಕ್, ಹೇಳಿ."