ಕೊಬ್ಬಿನ ಹರಾಜು

ಇದು ನಡೆದ ಕಥೆ. ಸುಳ್ಳು ಬೆರೆಸಲು ಕೈ ತುರಿಸುತ್ತದೆ ನಿಜ, ಆದರೆ ಮುತ್ತುರಾಜನ ಮುಖ ನೋಡಿಯಾದರೂ ಸುಮ್ಮನಿರಬೇಕು. ಎರಡು ಸಾವಿರದ ಆರರಲ್ಲಿ ಕೆಂಪಾದ ಆ ಮುಖ ಇನ್ನೂ ಪೂರ್ತಿ ತಿಳಿಯಾಗಿಲ್ಲ.

ಬಿ.ಎಸ್ಸಿ. ಓದಿದ್ದ ಮುತ್ತುರಾಜ ಹಿಂದೂಪುರದ ಶಂಕರಯ್ಯನ ರೇಷ್ಮೆಗೂಡಿನ ಮಂಡಿಯಲ್ಲಿ ತೂಕದ ಯಂತ್ರದ ಮುಂದೆ ಕೂರುತ್ತಿದ್ದ. ಅವನ ಗಂಟಲಲ್ಲಿ ಅರ್ಧ ಊರೇ ಬಿಡಾರ ಹೂಡಿತ್ತು. ಹರಾಜು ಕೂಗುವ ಶಂಕರಯ್ಯ, ಲೇಪಾಕ್ಷಿ ಬಸ್ಸಿನ ಕಂಡಕ್ಟರು, ಯಾರು ಬೇಕಾದರೂ ಕರೆದ ತಕ್ಷಣ ಹೊರಗೆ ಬರುತ್ತಿದ್ದರು. ಆ ದನಿಗಳಿಗೆ ಮನಸೋತವನು ಕಲ್ಯಾಣದುರ್ಗದ ಗೂಡಿನ ವ್ಯಾಪಾರಿ ಗಂಗುಲಪ್ಪ. ಭಾರೀ ಆಳು. ಸಕ್ಕರೆ ಕಾಯಿಲೆ ಬೇರೆ. ಹದಿನೈದು ದಿನಕ್ಕೊಮ್ಮೆ ಮಂಡಿಗೆ ಬಂದು ಮಂಡಿ ಹಿಡಿದು ಕೂರುತ್ತಿದ್ದ.

ತೂಕ ಇಳಿಸಬೇಕು, ಆಗಾಗ ನೋಡಿಸಬೇಕು ಎಂದು ಡಾಕ್ಟರು ಹೇಳಿದ್ದರು.

"ಆಸ್ಪತ್ರೆ ಸಿಸ್ಟರಮ್ಮ ನನ್ ತೂಕನ ಬೀದಿಗೆಲ್ಲಾ ಕೇಳಂಗೆ ಕೂಗ್ತಾಳೆ ಕಣ್ಲಾ. ಮಾನ ಹೋಯ್ತದೆ. ನೀನೇ ಇಲ್ಲಿ ನೋಡ್ಬುಡು, ಯಾರ್ಗೂ ಹೇಳ್ಬ್ಯಾಡ," ಎಂದ ಗಂಗುಲಪ್ಪ.

"ನಾನ್ಯಾಕೆ ಹೇಳ್ಲಿ ಮಾಮ?"

ಹೀಗೆ ಹರಾಜು ಶುರುವಾಗುವ ಮೊದಲು, ಗೂಡಿನ ಕ್ರೇಟು ಇಡುವ ಜಾಗದಲ್ಲಿ ಗಂಗುಲಪ್ಪ ಚಪ್ಪಲಿ ಬಿಟ್ಟು ನಿಲ್ಲತೊಡಗಿದ. ಮೊದಲ ದಿನ ನೂರ ಹದಿನೆಂಟು ಕೆಜಿ. ಅವನ ಮುಖ ಬಾಡಿದ್ದು ನೋಡಿ ಮುತ್ತುರಾಜ ಪಾಠ ಹೇಳಿದ.

"ಕೊಬ್ಬು ಸುಮ್ಕೆ ಬಿದ್ದಿರೋ ಮೂಟೆ ಅಲ್ಲ ಮಾಮ. ಅದೂ ಹಾರ್ಮೋನು ಬಿಡ್ತದೆ. ಲೆಪ್ಟಿನ್ ಅಂತ ಒಂದೈತೆ. 'ಸಾಕು, ಹೊಟ್ಟೆ ತುಂಬ್ತು' ಅಂತ ಮಿದುಳಿಗೆ ಕೂಗಿ ಹೇಳೋದು ಅದರ ಕೆಲಸ. ಕೊಬ್ಬು ಜಾಸ್ತಿ ಆದ್ರೆ ಹಗಲೂ ರಾತ್ರಿ ಕೂಗ್ತದೆ. ಕೇಳಿ ಕೇಳಿ ಮಿದುಳು ಕಿವುಡಾಯ್ತದೆ." ಲೆಪ್ಟಿನ್ ಪಾಲಿಗೆ, ಇಳಿಯಿರಿ ಎಂದು ತೆಲುಗಿನಲ್ಲಿ ಅವಸರಿಸುವ ಕಂಡಕ್ಟರನ ದನಿ ಬಂತು: "ದಿಗಂಡಿ, ದಿಗಂಡಿ, ಸ್ಟಾಪ್ ವಚ್ಚಿಂದಿ!" ಮಿದುಳು ಮಾತ್ರ ನಿದ್ದೆಗಣ್ಣಿನ ಮುದುಕನಂತೆ "ಆಂ?" ಎಂದಿತು.

ಗಂಗುಲಪ್ಪ ನಕ್ಕು ಕಣ್ಣೊರೆಸಿಕೊಂಡ. "ಮಂಡಿ ಊದೋದು ಯಾಕ್ಲಾ?"

"ಭಾರ ಒಂದು. ಅದರ ಜತೆಗೆ, ಅಡಿಪೊನೆಕ್ಟಿನ್ ಅಂತ ಒಳ್ಳೇ ಹಾರ್ಮೋನು ಐತೆ. ಸಕ್ಕರೆನ ಅಂಕೆಲಿಡ್ತದೆ, ಉರಿಯೂತ ತಡೀತದೆ. ಹೊಟ್ಟೆ ಬೆಳೆದಂಗೆ ಅದು ಕಮ್ಮಿ ಆಗಿ, ಉರಿ ಹಚ್ಚೋವು ಜಾಸ್ತಿ ಆಯ್ತವೆ."

"ನನ್ ಹೊಟ್ಟೆನೇ ನನಗೆ ಶತ್ರುನಾ? ಆಗ್ಲಿ, ನೋಡೇ ಬಿಡಾಣ."

ಅನ್ನ ಬಿಟ್ಟು ಅಳತೆಯ ಮುದ್ದೆ ಹಿಡಿದ. ಬೆಳಗ್ಗೆ ನಡೆಯತೊಡಗಿದ. ಮೂರು ತಿಂಗಳಾದ ಮೇಲೆ ಒಂದು ದಿನ ಯಂತ್ರ ನೂರ ಹನ್ನೆರಡು ತೋರಿಸಿತು. ಆರು ಕೆಜಿ ಇಳಿದಿದ್ದ! ಗಂಗುಲಪ್ಪ ಬಗ್ಗಿ ನೋಡಲು ಹೋದರೆ ಹೊಟ್ಟೆ ಅಡ್ಡ ಬಂತು.

"ಎಷ್ಟ್ಲಾ?"

ಶಂಕರಯ್ಯ ಇನ್ನೂ ಬಂದಿರಲಿಲ್ಲ. ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಆಗಲೇ ಜಗುಲಿಯ ಮೇಲೆ ಕೂತಿದ್ದರು. ಮೈಕು ಕೈಯಳತೆಯಲ್ಲಿತ್ತು. ಗಂಗುಲಪ್ಪನ ಕೊಬ್ಬು ಹೊಟ್ಟೆಯಲ್ಲಿದ್ದರೆ ಮುತ್ತುರಾಜನದು ನಾಲಿಗೆಯಲ್ಲಿ. ಅದು ತಡೆಯಲಿಲ್ಲ.

"ಕಲ್ಯಾಣದುರ್ಗದ ಸರಕು!" ಮುತ್ತುರಾಜನ ಬಾಯಿಂದ ಶಂಕರಯ್ಯನ ದನಿ ಮಂಡಿಯಿಡೀ ಮೊಳಗಿತು. "ಒಂದೇ ಗೂಡು, ನೂರ ಹನ್ನೆರಡು ಕೆಜಿ! ಒಕಟೋ ಸಾರಿ... ರೆಂಡೋ ಸಾರಿ..."

"ನೂಲು ಎಷ್ಟು ಬತ್ತದೆ?" ಎಂದೊಬ್ಬ ಕೂಗಿದ. "ಕುದಿಸೋಕೆ ಹಂಡೆ ಸಾಲಲ್ಲಪ್ಪೋ!" ಎಂದ ಇನ್ನೊಬ್ಬ. ಜಗುಲಿ ನಗೆಯಲ್ಲಿ ಮುಳುಗಿತು.

ಗಂಗುಲಪ್ಪ ಚಪ್ಪಲಿಯನ್ನು ಕಾಲಿಗೆ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದು ಹೊರಗೆ ನಡೆದ. ಆ ನಗೆಯ ನಡುವೆ ಕಳೆದು ಲೆಕ್ಕ ಹಾಕುವ ಗೋಜಿಗೆ ಅವನು ಹೋಗಲಿಲ್ಲ; ಆರು ಕೆಜಿ ಇಳಿದಿದೆ ಎಂದು ಯಾರೂ ಅವನಿಗೆ ಹೇಳಲೂ ಇಲ್ಲ.

ಮುಂದಿನ ಎರಡು ಸಲವೂ ಅವನ ಗೂಡು ಬಂತು, ಅವನು ಬರಲಿಲ್ಲ. ಮೂರನೆಯ ಸಲ ಅವನ ಹೆಂಡತಿ ಆದಿಲಕ್ಷ್ಮಮ್ಮ ಬಂದಳು.

"ನಡೆಯೋದೂ ಬಿಟ್ರು, ಮಾತ್ರೆನೂ ಬಿಟ್ರು ಕಣಪ್ಪ. 'ಹೆಂಗೂ ಹರಾಜಾದೋನು, ತಿಂದು ಸಾಯ್ತೀನಿ' ಅಂತಾರೆ. ಮಂಡಿ ಊದಿ ಗಡಿಗೆ ಆಗೈತೆ. ನೀನೇ ಏನೋ ಅಂದೆಯಂತಲ್ಲ?"

ಅವಳು ಬೈದಿದ್ದರೂ ಚೆನ್ನಾಗಿತ್ತು. ಮುತ್ತುರಾಜನಿಗೆ ತನ್ನ ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಅಂದು ಮಧ್ಯಾಹ್ನದ ಊಟ ಅವನಿಗೆ ಸೇರಲಿಲ್ಲ.

ಭಾನುವಾರ ದರ್ಜಿಯಿಂದ ಅಳತೆಯ ಟೇಪು ಇಸಿದುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದ. ತಕ್ಕಡಿ ಬೇಡವೆಂದರೆ ಸೊಂಟವನ್ನಾದರೂ ಅಳೆಯಬಹುದು. ತೊಂದರೆ ಕೊಡುವ ಕೊಬ್ಬು ಇರುವುದೂ ಅಲ್ಲೇ. ದಾರಿಯುದ್ದಕ್ಕೂ ಕ್ಷಮೆಯ ಮಾತು ಅಭ್ಯಾಸ ಮಾಡಿದ. ಒಮ್ಮೆ ಅದು ಕಂಡಕ್ಟರನ ದನಿಯಲ್ಲಿ ಬಂತು, ಒಮ್ಮೆ ಡಾಕ್ಟರ ದನಿಯಲ್ಲಿ. ತಪ್ಪೊಪ್ಪುವುದಕ್ಕೂ ಬೇರೆಯವರ ಗಂಟಲು ಬೇಕಾಯಿತಲ್ಲ ಎಂದು ಕಿಟಕಿಯ ಕಡೆ ತಿರುಗಿ ಕೂತ.

ಗಂಗುಲಪ್ಪ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. "ಬಾರಪ್ಪ ಹರಾಜಿನೋನೆ. ಉಳಿದಿದ್ದು ಮಾರಕ್ಕೆ ಬಂದ್ಯಾ?"

ಅಭ್ಯಾಸ ಬಲದಿಂದ ಮುತ್ತುರಾಜನ ಬಾಯಲ್ಲಿ ಶಂಕರಯ್ಯನ ದನಿಯೇ ಬಂತು: "ಗಂಗುಲಪ್ಪನವರೇ..." ಗಕ್ಕನೆ ನಿಲ್ಲಿಸಿದ. ಕೆನ್ನೆ ಉರಿಯಿತು. ಟೇಪು ಹಿಡಿದು ಮಂಚದ ಬಳಿ ಕುಕ್ಕರಗಾಲಲ್ಲಿ ಕೂತು, ಕೊನೆಗೆ ಬಾಯಿ ತೆರೆದ.

"ಮಾಮ... ಆವತ್ತು ಆರು ಕೆಜಿ ಇಳಿದಿದ್ದೆ ನೀನು. ಅದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಕೂಗ್ದೆ. ತಪ್ಪಾಯ್ತು."

ಸಣ್ಣಗೆ ಕೀರಲಾಗಿ, ನಡುವೆ ಒಡೆದು ಬಂದ ದನಿ.

"ಆರಾ?" ಗಂಗುಲಪ್ಪ ಮುಂದಕ್ಕೆ ಬಾಗಿದ. "ಇದ್ಯಾರ ದನಿಲಾ? ಎಲ್ಲೂ ಕೇಳಿಲ್ವಲ್ಲ?"

"ನಂದೇ ಮಾಮ."

"ನಿಂದಾ?" ಗಂಗುಲಪ್ಪನ ಹೊಟ್ಟೆ ಒಮ್ಮೆ ಅದುರಿತು. "ಇದನ್ನ ಇಟ್ಕಂಡು ಊರೋರ್ದೆಲ್ಲಾ ಆಡ್ತಿದ್ಯಾ? ಲೇ, ಇವಳೇ, ಬಾ ಇಲ್ಲಿ, ಕೇಳು!"

ಆದಿಲಕ್ಷ್ಮಮ್ಮ ಸೆರಗು ಬಾಯಿಗಡ್ಡ ಹಿಡಿದಳು. ಗಂಗುಲಪ್ಪ ಅಂಗಿ ಎತ್ತಿ, "ಅಳೀಲಾ, ಎಷ್ಟೈತೋ ನೋಡಾಣ," ಎಂದು ಎರಡೂ ಕೈ ಮೇಲೆತ್ತಿದ. ಮುತ್ತುರಾಜ ಟೇಪು ಸುತ್ತಿದ. ಆದರೆ ಹೊಟ್ಟೆ ಕುಣಿಯುತ್ತಿತ್ತು, ಟೇಪು ಜಾರುತ್ತಿತ್ತು.

"ನಗು ನಿಲ್ಸು ಮಾಮ, ಅಳತೆ ಸಿಕ್ತಿಲ್ಲ," ಎಂದ, ಅದೇ ಒಡಕು ದನಿಯಲ್ಲಿ, ತಲೆಯೆತ್ತದೆ.

ಗಂಗುಲಪ್ಪ ಮಂಚ ಕಿರುಗುಟ್ಟುವಂತೆ ನಕ್ಕ. ಪಕ್ಕದ ಮನೆಯವರು ಬಾಗಿಲಿಗೆ ಬಂದು, ಏನೆಂದು ತಿಳಿಯದೆಯೇ ನಗತೊಡಗಿದರು. ಅವರೆಲ್ಲರ ಮೇಲೆ ಅವನ ನಗೆಯೇ ಜೋರಾಗಿ ಕೇಳುತ್ತಿತ್ತು.