ಕ್ಯಾಸ್ಪರನ ಹದಿನೈದು ತಗಡು

"ಯಾವ ಸೂಳೆಮಗ ಹೇಳಿದನೇ ನಿನಗೆ, ಈ ಹೆಸರು ಹೀಗೇ ಇರಲಿ ಅಂತ? ವಾರದಿಂದ ಬಡ್ಕೊಳ್ತಾ ಇದ್ದೀನಿ. ಕಿವಿಗೂ ಸೀಸ ಹೊಯ್ಕೊಂಡಿದ್ದೀಯೇನು?"

ಒಡೆಯ ಜೀಗ್‌ಹಾರ್ಟ್ ಮುಖಪುಟ ಅಚ್ಚು ಹಾಕುವ ಸೀಸದ ತಗಡನ್ನು ವಾಲ್‌ಬುರ್ಗಾಳ ಮೇಜಿನ ಮೇಲೆ ಬಿಸಾಡಿದ. ಕೋಣೆಯಲ್ಲಿದ್ದ ಉಳಿದ ಐವರು ಕೆತ್ತುವವರು ತಲೆ ಎತ್ತಲಿಲ್ಲ. ತಲೆ ಎತ್ತಿದವರಿಗೂ ಬೈಗುಳದಲ್ಲಿ ಪಾಲು ಸಿಗುತ್ತಿತ್ತು.

"ಒಡೆಯರೇ, ಕೌಂಟ್ ದೊರೆಗಳ ಹೆಸ್ರು ಮ್ಯಾಲೆ ದೊಡ್ಡದಾಗಿ ಹಾಕ್ತೀನಿ. ನಮ್ಮೋನ್ದು ಕೆಳಗಡೆ ಸಣ್ಣಕ್ಕೆ ಇದ್ಕಳ್ಳಿ. ಯಾರೂ ನೋಡಾಕಿಲ್ಲ."

"ಯಾರೂ ನೋಡದಿದ್ದರೆ ಯಾಕೆ ಬೇಕೇ? ತಗಡು ಕುಟ್ಟೋನು ರಾಗ ಕಟ್ಟಿದ ಅಂದ್ರೆ ವಿಯೆನ್ನಾ ಪೂರ್ತಿ ನನ್ನ ಮುಖಕ್ಕೆ ಉಗಿಯುತ್ತೆ. ನಾಳೆ ಕೌಂಟ್ ಮನೆ ಕಾರಭಾರಿ ಬರ್ತಾನೆ. ಅಷ್ಟರಲ್ಲಿ ಅಳಿಸಿರಬೇಕು. ನಿನ್ನ ಕೈಯಿಂದಲೇ."

ಅಂಗಡಿಗೆ ಮೂವತ್ತು ವರ್ಷ ತುಂಬಿತ್ತು. ಒಡೆಯ ಅದರ ಚರಿತ್ರೆ ಬರೆಸುತ್ತಿದ್ದ. ಅವನಪ್ಪ ಸಂತರ ಪಟ, ಊರ ನಕಾಶೆ ಮಾರಿಕೊಂಡಿದ್ದದ್ದು, ಆಮೇಲೆ ಸಂಗೀತದ ಹಾಳೆ ಅಚ್ಚು ಹಾಕಲು ಶುರುಮಾಡಿದ್ದು, ಯಾವ ಯಾವ ಅರಮನೆ ಇವರ ಹಾಳೆಯಿಂದ ನುಡಿಸಿತು ಎನ್ನುವುದು, ಎಲ್ಲ ಅದರಲ್ಲಿತ್ತು. ಒಂದೊಂದು ಸ್ವರವನ್ನೂ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವಿ ತಗಡಿಗೆ ಬಡಿದವರು ಮಾತ್ರ ಇರಲಿಲ್ಲ. ವಾಲ್‌ಬುರ್ಗಾಳ ಗಂಡ ಕ್ಯಾಸ್ಪರ್ ಹತ್ತೊಂಬತ್ತು ವರ್ಷ ಬಡಿದಿದ್ದ. ಕಳೆದ ಚಳಿಗಾಲದಲ್ಲಿ ಕರುಳು ಹಿಂಡಿ, ಮಣಿಕಟ್ಟು ಜೋತುಬಿದ್ದು ಸತ್ತ. ಸೀಸದ ಕೆಲಸದವರಿಗೆ ಬರುವ ಸಾವು ಅದು, ಆ ಬೀದಿಯಲ್ಲಿ ಯಾರೂ ಅದಕ್ಕೆ ಬೆರಗಾಗುವುದಿಲ್ಲ.

ಭಾನುವಾರಗಳಲ್ಲಿ ಚರ್ಚಿನಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ನುಡಿಸುತ್ತಿದ್ದ ಅವನು ನಾಲ್ಕು ವಾದ್ಯಕ್ಕೆಂದು ಒಂದೇ ಒಂದು ಕೃತಿ ಬರೆದಿದ್ದ. 'ನೀನೇ ಕೆತ್ತಿಕೋ, ನಿನ್ನ ಹೆಸರಲ್ಲೇ ಅಚ್ಚು ಹಾಕ್ತೀನಿ' ಎಂದು ಒಡೆಯ ಮಾತು ಕೊಟ್ಟ. ಕ್ಯಾಸ್ಪರ್ ಎರಡು ಬೇಸಿಗೆಯ ರಜಾದಿನಗಳನ್ನೆಲ್ಲ ಅದಕ್ಕೇ ಸುರಿದ. ಒಂದೊಂದು ವಾದ್ಯಕ್ಕೂ ಬೇರೆ ಬೇರೆ, ಮುಖಪುಟ ಸೇರಿ ಹದಿನೈದು ತಗಡು. ಕೆತ್ತಿ ಮುಗಿದ ಮೇಲೆ ಕೈಬರಹದ ಹಾಳೆಗಳನ್ನು ಮಸಿ ಒರೆಸಲು ಅಚ್ಚಿನವರಿಗೆ ಕೊಡುವುದು ಅಲ್ಲಿಯ ರೂಢಿ. ಅವನು ತನ್ನವನ್ನೂ ನಗುನಗುತ್ತಾ ಕೊಟ್ಟುಬಿಟ್ಟ. "ತಗಡಿನ ಮೇಲೆ ಕುಂತದಲ್ಲ, ಇನ್ನು ಯಾವ ಇಲಿ ತಿಂದಾತು" ಅಂದಿದ್ದ. ಪಾಪಿ, ಇಲಿಯನ್ನಷ್ಟೇ ನೆನೆದ. ಅವನು ಸತ್ತ ಮೇಲೆ ಒಡೆಯ ಆ ಕೃತಿಯನ್ನು, ತನ್ನದೇ ಎಂದು ಹೆಸರು ಹಾಕಿಸಿಕೊಳ್ಳಲು ಕೌಂಟನಿಗೆ ಮಾರಿದ್ದ.

ವಾಲ್‌ಬುರ್ಗಾ ತಗಡನ್ನು ಎರಡೂ ಬದಿಯಿಂದ ಹಿಡಿಯುವ ಬಾಗು ಕೈವಾರದ ಒಂದು ತುದಿಯನ್ನು ಹೆಸರಿನ ಮೊದಲ ಅಕ್ಷರದ ಮೇಲಿಟ್ಟಳು. ಇನ್ನೊಂದು ತುದಿ ತಗಡಿನ ಬೆನ್ನ ಮೇಲೆ ಅದೇ ಜಾಗ ಗುರುತು ಮಾಡಿತು. ಮಗುಚಿ ಹಾಕಿ ಸುತ್ತಿಗೆಯಿಂದ ಬೆನ್ನಿಗೆ ತಟ್ಟಿದಳು. ತಪ್ಪು ಸ್ವರ ಅಳಿಸುವುದೂ ಹೀಗೆಯೇ. ಈ ವಿದ್ಯೆ ಅವಳಿಗೆ ಕಲಿಸಿದವನು ಕ್ಯಾಸ್ಪರನೇ. ಮತ್ತೆ ಮಗುಚಿ ಉಜ್ಜಿದಳು. ಅಕ್ಷರ ಮೇಲೆದ್ದು, ಮಂಕಾಗಿ, ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಕೈ ಏಳಲಿಲ್ಲ. ಬಾಯಿಗೆ ಸೊಂಟಕ್ಕೆ ಕಟ್ಟಿದ್ದ ಕೆಲಸದ ಬಟ್ಟೆ ತುರುಕಿಕೊಂಡು ಅತ್ತಳು.

ಅತ್ತು ಮುಗಿದ ಮೇಲೆ ಕಪಾಟಿನಿಂದ ಅವನ ಏಳು ತಗಡು ಮಡಿಲಿಗೆ ಹಾಕಿಕೊಂಡು ಹಿತ್ತಲಿಗೆ ನಡೆದಳು. ಅಲ್ಲಿ ಬೊಹೀಮಿಯಾ ಕಡೆಯ ಮುದುಕ ವಾವ್ರ ಸವೆದ ತಗಡು ಕರಗಿಸಿ ಹೊಸದು ಹೊಯ್ಯುತ್ತಿದ್ದ. ಅವಳು ಅವನ್ನು ಇಳಿಸಿ, ಹಿಂದಕ್ಕೆ ಹೋಗಿ, ಮುಖಪುಟ ಸೇರಿ ಉಳಿದ ಎಂಟನ್ನೂ ತಂದಳು.

ಮುದುಕ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದ. "ಇದು ಸವೆದಿಲ್ಲ ಕಣವ್ವ. ಇದು... ನಿನ್ನ ಗಂಡಂದಲ್ವಾ?"

"ಹೂಂ. ಕಡಾಯಿಗೆ ಹಾಕಣ್ಣ."

"ತಲೆ ಕೆಟ್ಟದಾ ನಿಂಗೆ? ಕಾಗ್ದನೂ ಇಲ್ಲ. ಇದೂ ಹೋದ್ರೆ ಅವನ್ದು ಅಂತ ಈ ಭೂಮಿ ಮ್ಯಾಲೆ ಏನುಳಿತದೆ? ಹೆಸ್ರು ಯಾರದಾರ ಇರ್ಲಿ ತಗಾ. ರಾಗನಾದ್ರೂ ನಾಕು ಜನದ ಕಿವಿಗೆ ಬೀಳ್ಲಿ."

"ನಾನೂ ಒಂದ್ವಾರದಿಂದ ಹಂಗೇ ಅನ್ಕಂಡೆ ಅಣ್ಣ. ಅನ್ಕಂಡೇ ಸುತ್ತಿಗೆ ಹಿಡ್ದೆ. ಎಲ್ಡು ಅಕ್ಷರ ಅಳಿಸ್ದೆ. ಆ ಕೌಂಟು ಎದ್ನಿಂತು ತಲೆ ಬಾಗಿಸ್ತಾನೆ, ಜನ ಚಪ್ಪಾಳೆ ತಟ್ತಾರೆ. ಕರುಳು ಹಿಡ್ಕಂಡು ನೆಲದ ಮ್ಯಾಲೆ ಹೊಳ್ಳಾಡ್ದೋನು ಇವನು. ನಂಗೆ ತಡಿಯಕ್ಕಾಗಾಕಿಲ್ಲ."

"ನಾ ಹಾಕಾಕಿಲ್ಲ" ಅಂದ ವಾವ್ರ. ಆದರೆ ಕಡಾಯಿಯ ಬಳಿಯಿಂದ ಸರಿದು, ಬೆನ್ನು ತಿರುಗಿಸಿ ಕಟ್ಟಿಗೆ ಒಟ್ಟತೊಡಗಿದ.

ಅವಳೇ ಹಾಕಿದಳು. ಮೊದಲು ಮುಖಪುಟ, ಆಮೇಲೆ ಪಿಟೀಲಿನವು. ತಗಡು ಅಂಚಿನಿಂದ ಬಾಗಿ, ಸ್ವರಗಳು ಜಾರಿ, ಬೆಳ್ಳಗೆ ನೀರಾಗುತ್ತಿದ್ದವು. ವಿಯೋಲಾದ ಮೂರು ತಗಡುಗಳನ್ನು ಕೊನೆಗೆ ಉಳಿಸಿಕೊಂಡಳು. ಉಳಿದ ವಾದ್ಯಗಳು ಏನು ಹೇಳುತ್ತವೋ ಅವಳು ಕೇಳಿದವಳೇ ಅಲ್ಲ. ಇದನ್ನು ಮಾತ್ರ ಅವನು ಸಾರು ಕುಡಿಯುತ್ತಾ, ಬೂಟು ಹೊಲಿಯುತ್ತಾ ಗುನುಗುತ್ತಿದ್ದ. ಎಡಬಲ ತಿರುಗಿದ್ದ ಸ್ವರಗಳ ಮೇಲೆ ಬೆರಳಾಡಿಸಿ, ಕೊನೆಯ ಸಾಲಿನವರೆಗೂ ಓದಿ, ಒಂದೊಂದಾಗಿ ಇಳಿಬಿಟ್ಟಳು.

ಜೀಗ್‌ಹಾರ್ಟ್ ಓಡಿ ಬಂದಾಗ ಕಡಾಯಿಯ ಮೇಲೆ ಬರೀ ಕಿಟ್ಟ ತೇಲುತ್ತಿತ್ತು. ಅವಳ ಕೆನ್ನೆಗೆ ಹೊಡೆದ. ಅವಳು ಬಿದ್ದು ಎದ್ದಳು. ಇನ್ನೊಂದು ಏಟಿಗೆ ಕೈ ಎತ್ತಿದವನು ಏನೋ ಹೊಳೆದು ಕೈ ಇಳಿಸಿದ. ಅವನ ದನಿ ಮೆತ್ತಗಾಯಿತು.

"ನೋಡು ವಾಲ್‌ಬುರ್ಗಾ. ಮನೆಯಲ್ಲಿ ಗುನುಗಿರ್ತಾನೆ ಅವನು. ಗೊತ್ತಿರುತ್ತೆ ನಿನಗೆ. ನೀನು ಹಾಡು, ಬರೆಯೋರನ್ನ ನಾನು ಕೂರಿಸ್ತೀನಿ. ಒಂದು ಸಾಲಾದರೂ ಗೊತ್ತಿಲ್ವಾ?"

ಅವಳು ತುಟಿಯ ರಕ್ತ ಒರೆಸಿಕೊಂಡಳು.

"ಗೊತ್ತದೆ ಒಡೆಯರೇ" ಅಂದಳು. "ಹೇಳಾಕಿಲ್ಲ."