ಕನ್ನಡಿಗೆ ಸಿಕ್ಕ ಸೀಟು

ಮನೆಯ ಮುಂಭಾಗದ ಗಾಜಿನ ಅಂಗಡಿಯಲ್ಲಿ ಪಿಸು ಕನ್ನಡಿ ಒರೆಸುತ್ತಿದ್ದಳು. ಒದ್ದೆ ಬಟ್ಟೆಯಿಂದ ಒಂದು ಸಲ, ಒಣ ಬಟ್ಟೆಯಿಂದ ಇನ್ನೊಂದು ಸಲ, ಕೊನೆಗೆ ಹಳೆಯ ಪತ್ರಿಕೆಯನ್ನು ಮುದ್ದೆ ಮಾಡಿಕೊಂಡು ಮೇಲಿನಿಂದ ಕೆಳಕ್ಕೆ. ಆಳೆತ್ತರದ ಕನ್ನಡಿ. ಅದರ ಅಂಚುಗಳನ್ನು ಉಜ್ಜಿ ಉಜ್ಜಿ, ಬೆರಳಿಟ್ಟರೆ ಜಾರಿಹೋಗುವಷ್ಟು ನಯ ಮಾಡಿದವಳೂ ಅವಳೇ. ಪತ್ರಿಕೆ ಗಾಜಿನ ಮೇಲೆ ಕಿರುಗುಡುತ್ತಿತ್ತು. ಅವಳ ಬಾಯಿಂದ ಮಾತ್ರ ಒಂದು ಸದ್ದಿಲ್ಲ.

ಅವಳ ಪಾಲಿನ ಸದ್ದನ್ನೂ ಸೇರಿಸಿ ಒಳಗಿನ ಕೋಣೆಯಲ್ಲಿ ಅಪ್ಪ ಮತ್ತು ಅಣ್ಣ ಮಾಡುತ್ತಿದ್ದರು. ದೂರದ ಊರಿನಲ್ಲಿ ಅಕ್ಕ ಹೆತ್ತಿದ್ದಳು. ಮಗುವನ್ನು ನೋಡಿ ಬರಬೇಕು. ಹೋಗುವುದು ವಿಮಾನದಲ್ಲೋ, ಅಂಗಡಿಯ ವ್ಯಾನಿನಲ್ಲೋ ಎಂಬ ಜಗಳ ಶುರುವಾದಾಗ ಮಗು ಕಣ್ಣು ಬಿಟ್ಟಿರಲಿಲ್ಲ, ಈಗ ದೀಪ ಕಂಡರೆ ಕತ್ತು ತಿರುಗಿಸುತ್ತದಂತೆ. ಜಗಳ ಮಾತ್ರ ಇದ್ದಲ್ಲೇ ಇತ್ತು.

ಅಣ್ಣನದು ವಿಮಾನದ ಪಕ್ಷ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಕ್ಕನ ಮನೆ, ಅದು ಬಿಟ್ಟು ರಸ್ತೆಯಲ್ಲಿ ಎರಡು ದಿನ ಸೊಂಟ ಮುರಿದುಕೊಳ್ಳುವುದು ಯಾವ ಪುರುಷಾರ್ಥಕ್ಕೆ ಎಂದು ಅವನು ಕೇಳುತ್ತಿದ್ದ. ಅವನ ಹೆಂಡತಿಗೆ, ಅಂದರೆ ಅತ್ತಿಗೆಗೆ, ವ್ಯಾನಿನೊಳಗಿನ, ಗಾಜು ಕೂರಿಸಲು ಮೆತ್ತುವ ಪುಟ್ಟಿಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಅಪ್ಪನದು ವ್ಯಾನಿನ ಪಕ್ಷ. ಅವರು ಜೀವಮಾನದಲ್ಲಿ ವಿಮಾನ ಹತ್ತಿದವರಲ್ಲ, ಹತ್ತದೆಯೇ ಅದರ ಕುಂದು ಕೊರತೆಗಳನ್ನೆಲ್ಲ ಬಲ್ಲವರು.

"ಮೇಲೆ ಹೋದಾಗ ಕೆಟ್ಟು ನಿಂತ್ರೆ ಮೆಕ್ಯಾನಿಕ್‌ನ ನೀನು ಕರ್ಕೊಂಡು ಬರ್ತೀಯೇನೋ?" ಎಂದು ಅವರು ಮಗನನ್ನು ಕೇಳಿದ್ದರು.

"ನಿಮ್ಮ ವ್ಯಾನು ಕೆಳಗೇ ಕೆಟ್ಟು ನಿಲ್ಲುತ್ತಲ್ಲ, ಆಗ ಯಾರು ಬಂದ್ರು? ನಾನೇ ತಳ್ಳಿದ್ದು," ಎಂದು ಅಣ್ಣ ತಿರುಗಿ ಬಿದ್ದಿದ್ದ.

ಅಪ್ಪನ ಹಟಕ್ಕೆ ಭಯವೊಂದೇ ಕಾರಣವಲ್ಲ, ಈ ಕನ್ನಡಿಯೂ ಕಾರಣ. ಅಕ್ಕನ ಹೊಸ ಮನೆಗೆ ನಮ್ಮ ಅಂಗಡಿಯ ಕನ್ನಡಿಯನ್ನೇ ತಂದು ನಿಲ್ಲಿಸುತ್ತೇನೆಂದು ಅವರು ಅಳಿಯನ ಮುಂದೆ ಮೀಸೆ ತಿರುವಿ ಬಂದಿದ್ದರು. ಕನ್ನಡಿಗೆ ವಿಮಾನದಲ್ಲಿ ಜಾಗವಿಲ್ಲ. ಅಲ್ಲೇ ಒಂದು ಕೊಂಡರಾಯಿತು ಎಂದು ಅಣ್ಣ ಅಂದದ್ದೇ ತಡ, ಅಪ್ಪ ಆ ರಾತ್ರಿ ಊಟಕ್ಕೇ ಏಳಲಿಲ್ಲ. ಅಮ್ಮ ಗಂಡನ ಮುಂದೆ ವ್ಯಾನೇ ಸರಿ ಅನ್ನುತ್ತಿದ್ದಳು, ಮಗನ ಮುಂದೆ ವಿಮಾನವೇ ಸರಿ ಅನ್ನುತ್ತಿದ್ದಳು. ಇಬ್ಬರೂ ಎದುರಿಗಿದ್ದರೆ ಒಲೆಯ ಮೇಲೆ ಏನೋ ಸೀಯುತ್ತಿದೆ ಎಂದು ಎದ್ದು ಹೋಗುತ್ತಿದ್ದಳು.

ಪಿಸುವನ್ನು ಯಾರೂ ಏನೂ ಕೇಳಲಿಲ್ಲ. ವಿಮಾನದ ಲೆಕ್ಕ ಹಾಕಿದಾಗ ಅಣ್ಣ ನಾಲ್ಕು ಟಿಕೆಟ್ ಅಂದ: ಅಪ್ಪ, ಅಮ್ಮ, ತಾನು, ಹೆಂಡತಿ. ವ್ಯಾನಿನ ಲೆಕ್ಕ ಹಾಕಿದಾಗ ಅಪ್ಪ ಮುಂದೆ ಮೂವರು, ಹಿಂದಿನ ಬೆಂಚಿನಲ್ಲಿ ಒಬ್ಬರು ಅಂದರು. ಬೆಂಚಿನ ಇನ್ನರ್ಧವನ್ನು ಮಡಚಿ ಅಲ್ಲಿ ಕನ್ನಡಿ ನಿಲ್ಲಿಸಬೇಕಲ್ಲ. ಎರಡು ಲೆಕ್ಕದಲ್ಲೂ ಕೊನೆಗೆ ಬರುತ್ತಿದ್ದ ಮಾತು ಒಂದೇ: ಅಂಗಡಿ ಪಿಸು ನೋಡ್ಕೋತಾಳೆ. ಎಲ್ಲದಕ್ಕೂ ಕಿತ್ತಾಡುವ ಆ ಮನೆಯಲ್ಲಿ ಅದೊಂದಕ್ಕೆ ಮಾತ್ರ ಯಾರ ತಕರಾರೂ ಇರಲಿಲ್ಲ. ಮೊದಲ ಸಲ ಕೇಳಿದಾಗ ಅವಳಿಗೆ ನೋವಾಯಿತು. ಆಮೇಲಾಮೇಲೆ ಅದು ನೋವಾಗಿ ಉಳಿಯಲಿಲ್ಲ. ಎದೆಯಲ್ಲಿ ಕೆಂಡವನ್ನು ಬೂದಿ ಮುಚ್ಚಿ ಇಟ್ಟ ಹಾಗೆ ಕೂತುಬಿಟ್ಟಿತು.

ಪಿಸು ಎಂದು ಹೆಸರಿಟ್ಟವನು ಅಣ್ಣ. ಚಿಕ್ಕವಳಿದ್ದಾಗ ಏನು ಬೇಕಾದರೂ ಅವಳು ಅಕ್ಕನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ಅಕ್ಕ ಅದನ್ನು ಊರಿಗೆಲ್ಲ ಕೇಳುವಂತೆ ಸಾರುತ್ತಿದ್ದಳು. ಅವಳಿಗೆ ಹಸಿವಂತೆ. ಅವಳಿಗೆ ಆ ಅಂಗಿ ಚುಚ್ಚುತ್ತಂತೆ. ಮದುವೆಯಾಗಿ ಅಕ್ಕ ಹೋದಳು, ಅವಳ ಜೊತೆಗೆ ಪಿಸುವಿನ ಬಾಯಿಯೂ ಹೋಯಿತು. ಆಮೇಲೆ ಅಪ್ಪನ ಅಂಗೈ ಗಾಜಿಗೆ ಸಿಕ್ಕಿ ಸೀಳಿದಾಗ, ಗಾಯ ಮಾಯುವವರೆಗೆ ಸಹಾಯಕ್ಕಿರಲಿ ಎಂದು ಅವಳನ್ನು ಶಾಲೆ ಬಿಡಿಸಿದರು. ಗಾಯ ಮಾಯಿತು. ಮತ್ತೆ ಶಾಲೆಗೆ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಗಾಜಿನ ಅಂಗಡಿಯಲ್ಲಿ ಮಾತಾಡದಿರುವುದು ಒಂದು ಗುಣ. ದೊಡ್ಡ ಗಾಜನ್ನು ಇಬ್ಬರು ಹೊರುವಾಗ ಮುಂದಿನವರಿಗೆ ಹಿಂದಿನವರು ಕಾಣುವುದಿಲ್ಲ. ಅದಕ್ಕೆ ಅಪ್ಪ ಒಂದು ಕಟ್ಟಳೆ ಮಾಡಿದ್ದರು. ಹಿಂದಿನವರು 'ನಡಿ' ಅಂದರೆ ಹೊರಡುವುದು. ಆಮೇಲೆ ಮಾತಿಲ್ಲ, ಮಾತಿಲ್ಲವೆಂದರೆ ಎಲ್ಲ ಸರಿಯಿದೆ, ಹೆಜ್ಜೆ ಹಾಕುತ್ತಿರುವುದು. ಇಬ್ಬರಲ್ಲಿ ಯಾರಾದರೂ 'ನಿಲ್ಲು' ಅಂದರೆ ಕಾಲು ಕಂಬವಾಗಬೇಕು. ಅಂದವರೇ ಮತ್ತೆ 'ನಡಿ' ಅನ್ನುವವರೆಗೆ, ಆಕಾಶ ಬಿದ್ದರೂ ಅಲುಗುವಂತಿಲ್ಲ. ಎಷ್ಟೋ ವರ್ಷದಿಂದ ಅಪ್ಪನ ಹಿಂದೆ ಗಾಜು ಹೊತ್ತ ಪಿಸು ಒಮ್ಮೆಯೂ 'ನಿಲ್ಲು' ಅಂದಿರಲಿಲ್ಲ. ಅಣ್ಣನೋ ಹೆಜ್ಜೆಗೊಂದು ಸಲ ಅನ್ನುತ್ತಿದ್ದ, ಮೂಗು ತುರಿಸಿದರೂ ಅನ್ನುತ್ತಿದ್ದ. ಹೊರುವುದಿದ್ದರೆ ಪಿಸು ಜೊತೆಯೇ ಹೊರಬೇಕು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಗಾಜು ಇಳಿಸಿದ ಮೇಲೂ ಮನೆಯವರು ಅದೇ ಲೆಕ್ಕ ಹಿಡಿದರು. ಅವಳು ಸುಮ್ಮನಿದ್ದಾಳೆ, ಎಲ್ಲ ಸರಿಯಿದೆ.

ಸರಿಯಿಲ್ಲ ಎಂದು ಗೊತ್ತಿದ್ದವಳು ಅಕ್ಕ ಒಬ್ಬಳೇ. ಹಿಂದಿನ ದಿನ ಅಂಗಡಿಯ ಫೋನಿಗೆ ಅವಳು ಕರೆ ಮಾಡಿದಾಗ ಪಿಸು ಎತ್ತಿಕೊಂಡಿದ್ದಳು. ಮಗುವಿನ ಅಳು ದೂರದಲ್ಲಿ ಕೇಳುತ್ತಿತ್ತು. ಸದಾ ಗಟ್ಟಿಯಾಗಿ ಮಾತಾಡುವ ಅಕ್ಕ ಆವತ್ತು ಪಿಸುಗುಟ್ಟಿದಳು.

"ಅಮ್ಮ ಬಂದ್ರೆ ಅಮ್ಮನ್ನ ನಾನೇ ಸಮಾಧಾನ ಮಾಡ್ಬೇಕು ಕಣೇ. ನೀನು ಬಾ. ನಿನ್ನ ಮುಂದೆ ಆದ್ರೆ ಅಳಬಹುದು. ಬರ್ತೀಯಲ್ವಾ?"

ಪಿಸು "ಹೂಂ" ಅಂದಿದ್ದಳು. ಅಂದ ಮೇಲೆ ಮುಗಿಯಿತು, ಹೋಗಲೇಬೇಕು. ಆ ಹೂಂ ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಪತ್ರಿಕೆಯ ಮುದ್ದೆಯನ್ನು ಬುಟ್ಟಿಗೆ ಹಾಕುವಷ್ಟರಲ್ಲಿ ಒಳಗೆ ಗಲಾಟೆ ತಣ್ಣಗಾಯಿತು. ಆಮೇಲೆ ನಗು. ಅತ್ತಿಗೆ ಒಂದು ಉಪಾಯ ಹೂಡಿದ್ದಳು. ಅಮ್ಮ ಮತ್ತು ತಾನು ನಾಳೆ ವಿಮಾನದಲ್ಲಿ ಹೋಗುವುದು, ಅಪ್ಪ ಮತ್ತು ಅಣ್ಣ ಇವತ್ತೇ ಕನ್ನಡಿ ಹಾಕಿಕೊಂಡು ವ್ಯಾನಿನಲ್ಲಿ ಹೊರಡುವುದು. ಅಪ್ಪನ ಮಾತೂ ಗೆದ್ದಿತು, ಅಣ್ಣನ ಮಾತೂ ಗೆದ್ದಿತು. ಇದು ನಮಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಅಪ್ಪ ಸೊಸೆಯನ್ನು ಹೊಗಳಿದರು. ಅಮ್ಮ ಎಲ್ಲರಿಗೂ ಚಹಾ ಸೋಸಿದಳು. ಬಾಗಿಲಿನಲ್ಲಿ ನಿಂತಿದ್ದ ಪಿಸುವಿಗೂ ಒಂದು ಲೋಟ ಕೊಟ್ಟು, ಹೇಗೋ ಎಲ್ಲ ಬಗೆಹರಿಯಿತಲ್ಲ ಎಂದಳು.

ಪಿಸು ಮನಸ್ಸಿನಲ್ಲೇ ಸೀಟು ಎಣಿಸಿದಳು. ವ್ಯಾನಿನಲ್ಲಿ ಇಬ್ಬರೇ. ಮುಂದೆ ಒಂದು ಸೀಟು ಖಾಲಿ, ಹಿಂದೆ ಅರ್ಧ ಬೆಂಚು ಖಾಲಿ. ಇಷ್ಟು ಜಾಗವಿದ್ದ ಮೇಲೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೆತ್ತವರು, ಒಡಹುಟ್ಟಿದವನು, ಕಣ್ಣು ಕಾಣುವವರು. ಅವಳು ಚಹಾ ಕುಡಿಯದೆ ಕಾದಳು.

ಅತ್ತಿಗೆ ಹೇಳಿದಳು. ವಿಮಾನದಲ್ಲಿ ಹೆಚ್ಚು ಸಾಮಾನು ಬಿಡುವುದಿಲ್ಲ, ತನ್ನ ಎರಡು ಸೂಟ್‌ಕೇಸ್ ವ್ಯಾನಿನಲ್ಲೇ ಹೋಗಲಿ, ಹೇಗೂ ಜಾಗ ಖಾಲಿಯಿದೆಯಲ್ಲ ಎಂದಳು. ಅಣ್ಣ ಅವನ್ನು ಹೊತ್ತೊಯ್ದು ಒಂದನ್ನು ಮುಂದಿನ ಸೀಟಿನಲ್ಲಿ ಕೂರಿಸಿದ, ಇನ್ನೊಂದನ್ನು ಹಿಂದಿನ ಬೆಂಚಿನಲ್ಲಿ. ಮುಂದಿನದಕ್ಕೆ ಬೆಲ್ಟನ್ನೂ ಹಾಕಿ, "ನಿನ್ನ ಅತ್ತಿಗೆಗಿಂತ ಇದೇ ವಾಸಿ, ದಾರೀಲಿ ವಾಂತಿ ಮಾಡಲ್ಲ," ಎಂದು ತಂಗಿಗೆ ಕಣ್ಣು ಹೊಡೆದ. ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು.

ಪಿಸುವಿನ ಕಿವಿ ಬಿಸಿಯಾಯಿತು. ಅವರು ಜಗಳವಾಡುತ್ತಿದ್ದಾಗ ಇಷ್ಟು ಸಿಟ್ಟು ಬಂದಿರಲಿಲ್ಲ. ಜಾಗವಿಲ್ಲ ಎಂಬ ನೆಪವಾದರೂ ಆಗ ಇತ್ತು. ಈಗ ಜಾಗವಿತ್ತು, ಅದು ಎಲ್ಲರಿಗೂ ಕಂಡಿತ್ತು, ಕಂಡ ತಕ್ಷಣ ನೆನಪಾದದ್ದು ಬಟ್ಟೆಬರೆ. ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟಳು. ಚಹಾ ತುಳುಕಿತು. ಯಾರೂ ನೋಡಲಿಲ್ಲ.

ಅಪ್ಪ ಕೈಗವಸು ಹಾಕಿಕೊಂಡು ಬಂದು ಕನ್ನಡಿಯ ಮುಂದಿನ ತುದಿ ಹಿಡಿದರು. ಬಾಗಿಲು ತೆಗೆಯುವ ಮೊದಲೇ ಅಂಗಡಿಯ ವಿಷಯ ಹೇಳತೊಡಗಿದರು. ಕಿಟಕಿಯ ಗಾಜು ಒಯ್ಯಲು ಬಡಗಿ ಬರುತ್ತಾನೆ, ಕೊಟ್ಟು ಕಳಿಸು. ಮೂಲೆಯ ಮನೆಯವರ ಮೇಜಿನ ಗಾಜಿಗೆ ಅಂಚು ಉಜ್ಜಿಡು. ಬೀಗ ಎರಡು ಸಲ ಎಳೆದು ನೋಡು. ಪಿಸು ತನ್ನ ಕೈಗವಸು ಹಾಕಿಕೊಂಡಳು, ಹಿಂದಿನ ತುದಿ ಹಿಡಿದಳು, ಭಾರ ಎತ್ತಿದಳು.

"ನಡಿ," ಅಂದಳು.

ಕತ್ತರಿಸುವ ಮೇಜನ್ನು ದಾಟಿದರು. ಚೌಕಟ್ಟುಗಳ ಸಾಲನ್ನು ದಾಟಿದರು. ಅಪ್ಪ ಹೊಸ್ತಿಲಿಳಿದು ಬೀದಿಗೆ ಕಾಲಿಟ್ಟರು. ವ್ಯಾನಿನ ಬಾಗಿಲು ಹಿಡಿದು ಅಣ್ಣ ನಿಂತಿದ್ದ. ಅಮ್ಮ ಮತ್ತು ಅತ್ತಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವಳು ಒರೆಸಿದ ಕನ್ನಡಿಯಲ್ಲಿ ಇಬ್ಬರೂ ಕಲೆಯಿಲ್ಲದೆ ಕಾಣುತ್ತಿದ್ದರು, ಅವರ ಹಿಂದೆ ಬೆಲ್ಟು ಹಾಕಿಕೊಂಡು ಕೂತ ಸೂಟ್‌ಕೇಸೂ ಕಾಣುತ್ತಿತ್ತು. ಕನ್ನಡಿ ಅರ್ಧ ಹೊರಗೆ, ಅರ್ಧ ಒಳಗೆ.

"ನಿಲ್ಲು," ಎಂದಳು ಪಿಸು.

ಅಪ್ಪ ಕಂಬವಾದರು. ವರ್ಷಗಳ ಅಭ್ಯಾಸ, ಕಾಲು ತಾನಾಗಿ ನಿಂತಿತು. ತಲೆ ತಿರುಗಿಸಲು ಆಗುತ್ತಿರಲಿಲ್ಲ, ಎದುರಿನ ಗೋಡೆಯನ್ನು ನೋಡುತ್ತಲೇ ಕೇಳಿದರು.

"ಏನಮ್ಮಾ, ಕೈ ಜಾರ್ತಾ ಇದ್ಯಾ?"

"ಇಲ್ಲ."

"ಬಿರುಕು ಬಿಟ್ಟಿದ್ಯಾ?"

"ಕನ್ನಡಿ ಸರಿಯಾಗೇ ಇದೆ."

ಅಣ್ಣ ಹತ್ತಿರ ಬಂದು ಅವಳ ಕಡೆಯ ತುದಿಗೆ ಕೈ ಹಾಕಲು ಹೋದ. ಅವಳು ಅವನನ್ನು ನೋಡಿದಳು. ಮೂಗು ತುರಿಸಿಕೊಳ್ಳುತ್ತ ಅವನು ಹಿಂದಕ್ಕೆ ಸರಿದ. ಬಡಪಾಯಿ ಹುಡುಗಿಗೆ ಇದೇನು ಬಂತು ಎಂಬಂತೆ ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮತ್ತೆ ಯಾಕೆ ನಿಲ್ಲಿಸಿದೆ? ಭಾರ ಕಣೇ," ಅಂದರು ಅಪ್ಪ. "ಮೊದಲು ಇದನ್ನ ಒಳಗಿಡೋಣ, ಆಮೇಲೆ ಅದೇನು ಹೇಳು. ನಡಿ ಅನ್ನು."

ಆಮೇಲೆ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಗಾಯ ಮಾಯಿದ ಮೇಲೆ ಮತ್ತೆ ಶಾಲೆ ಅಂದಿದ್ದರಲ್ಲ, ಅಂಥ ಆಮೇಲೆ. ಅವಳ ತೋಳು ಸೆಟೆದು ನೋಯುತ್ತಿತ್ತು. ಅಪ್ಪನ ತೋಳೂ ನೋಯುತ್ತಿರುತ್ತದೆ, ಆ ಹಳೆಯ ಗಾಯದ ಅಂಗೈಯಂತೂ ಉರಿಯುತ್ತಿರುತ್ತದೆ. ಉರಿಯಲಿ ಎಂದುಕೊಂಡಳು. ಮಾತು ಪಿಸುಮಾತಾಗಿಯೇ ಹೊರಟೀತೆಂದು ಹೆದರಿ, ಅಕ್ಕ ಸಾರುತ್ತಿದ್ದ ಹಾಗೆ, ಬೀದಿಯ ಆಚೆಗೂ ಕೇಳುವಂತೆ ಹೇಳಿದಳು.

"ಅಕ್ಕ ನನ್ನನ್ನ ಕರೆದಿದ್ದಾಳೆ. ಬರ್ತೀನಿ ಅಂತ ಹೇಳಿದ್ದೀನಿ. ಅಂಗಡಿಗೆ ಬೀಗ ಹಾಕಿ."

ಅಪ್ಪ ಗೋಡೆಯನ್ನೇ ನೋಡುತ್ತಿದ್ದರು. ಅಣ್ಣ ವ್ಯಾನಿನ ಚಕ್ರವನ್ನು ನೋಡುತ್ತಿದ್ದ. ಅಮ್ಮನಿಗೆ ಎದ್ದು ಹೋಗಲು ಒಲೆಯ ಮೇಲೆ ಏನೂ ಇರಲಿಲ್ಲ. ಅತ್ತಿಗೆ ಕನ್ನಡಿಯಲ್ಲಿ ತನ್ನನ್ನು ಕಂಡು ಮುಖ ತಿರುಗಿಸಿದಳು.

ಪಿಸು ಕನ್ನಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಅಣ್ಣಾ, ಆ ಸೀಟಿಂದ ಸೂಟ್‌ಕೇಸ್ ಇಳಿಸು."